ಕಡಲತಡಿಯ ಕಿರುಪಟ್ಟಣಗಳು ಮತ್ತು ಕಾಲುದಾರಿಗಳು

ಬೇಸಿಗೆಯ ರಜೆ ಬಂತೆಂದರೆ ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಂದ ನಮ್ಮವರು ಊರಿಗೆ ಬರುತ್ತಾರೆ. ಮದುವೆ, ಜ್ಞಾನಸ್ನಾನ, ಗೃಹಪ್ರವೇಶಗಳ ನಡುವೆ ಎರಡು ದಿನ ಬಿಡುವು ಮಾಡಿಕೊಂಡು ಕಡಲತೀರದ ಪ್ರವಾಸ ಹೊರಡುವುದು ಈಗ ಬಹುತೇಕ ಎಲ್ಲ ಕುಟುಂಬಗಳ ವಾಡಿಕೆಯಾಗಿದೆ. ವಾಹನವು ಮುಂಜಾನೆ ಹೊರಟು 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿಯುತ್ತದೆ. ಮಲ್ಪೆಯಲ್ಲೋ ಮುರುಡೇಶ್ವರದಲ್ಲೋ ಗೋಕರ್ಣದಲ್ಲೋ ಮರಳಿನ ಮೇಲೆ ಒಂದೆರಡು ಗಂಟೆ ಕಳೆದು, ಛಾಯಾಚಿತ್ರಗಳನ್ನು ತೆಗೆದುಕೊಂಡು, ರಾತ್ರಿಗೆ ಹಿಂದಿರುಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ದುಡಿದ ಜೀವಕ್ಕೆ ವಿಶ್ರಾಂತಿ ಬೇಕು. ಮಕ್ಕಳಿಗೆ ಸಮುದ್ರ ಬೇಕು. ಆದರೆ ಆ ವಾಹನದ ಕಿಟಕಿಯಾಚೆ ಸರಿದುಹೋದ ಬಾರಕೂರು, ಬಸರೂರು, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಮಿರ್ಜಾನ್, ಅಂಕೋಲಾ ಎಂಬ ಹೆಸರುಗಳು ಒಂದು ಕಾಲದಲ್ಲಿ ಅರಬ್ಬೀ ದೇಶ, ಪರ್ಷಿಯ, ಪೋರ್ಚುಗಲ್, ಇಟಲಿಗಳವರೆಗೆ ಕೇಳಿಬರುತ್ತಿದ್ದ ಹೆಸರುಗಳೆಂಬುದನ್ನು ನಮ್ಮ ಮಕ್ಕಳಿಗೆ ಯಾರು ಹೇಳಬೇಕು?

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಕರಾವಳಿಯ ಸಂಚಾರದ ಚರಿತ್ರೆಯನ್ನು ವಿಷಯವಾಗಿ ಆರಿಸಿಕೊಂಡದ್ದು ಈ ಕಾರಣದಿಂದ. ಇಗರ್ಜಿಯೊಂದರ ನೂರು ವರ್ಷಗಳನ್ನು ನೆನೆಯುವಾಗ, ಆ ಇಗರ್ಜಿಗೆ ಜನ ಬಂದ ದಾರಿಗಳನ್ನೂ ನೆನೆಯುವುದು ಉಚಿತ. ಇಂದು ನಾವು ರಜೆಗಾಗಿ ತುಳಿಯುವ ಮರಳಿನ ಮೇಲೆ ಏಳು ಶತಮಾನಗಳಲ್ಲಿ ಯಾರು ಯಾರು ನಡೆದರು, ಏನನ್ನು ಕಂಡರು, ಏನನ್ನು ಬಿಟ್ಟುಹೋದರು ಎಂಬುದನ್ನು ಸಂಕ್ಷೇಪವಾಗಿ ಹೇಳಲು ಇಲ್ಲಿ ಪ್ರಯತ್ನಿಸಿದೆ.

ನಾಡಿನ ಮೈಕಟ್ಟು

ದಕ್ಷಿಣದ ಉಳ್ಳಾಲ, ತಲಪಾಡಿಗಳಿಂದ ಉತ್ತರದ ಕಾರವಾರದವರೆಗೆ ನಮ್ಮ ಕರಾವಳಿಯ ಉದ್ದ ಸುಮಾರು 300 ಕಿಲೋಮೀಟರ್. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಘಟ್ಟ. ನಡುವೆ ಒಂದು ಕಿರಿದಾದ ಸೀಳು ನೆಲ. ಉತ್ತರ ಭಾಗದಲ್ಲಿ ಘಟ್ಟದ ತೋಳುಗಳು ಕಡಲಿನವರೆಗೂ ಚಾಚಿಕೊಂಡಿವೆ. ಘಟ್ಟದಿಂದ ಇಳಿದ ನದಿಗಳು ಈ ಸೀಳು ನೆಲವನ್ನು ಅಡ್ಡಡ್ಡಲಾಗಿ ಕತ್ತರಿಸುತ್ತವೆ: ನೇತ್ರಾವತಿ, ಗುರುಪುರ, ಶಾಂಭವಿ, ಸ್ವರ್ಣಾ, ಸೀತಾ, ಗಂಗೊಳ್ಳಿಯಲ್ಲಿ ಕಡಲು ಸೇರುವ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ತದಡಿಯ ಬಳಿಯ ಅಘನಾಶಿನಿ, ಮಂಜಗುಣಿಯ ಗಂಗಾವಳಿ, ಕಾರವಾರದ ಕಾಳಿ. ಪ್ರತಿ ಅಳಿವೆಯಲ್ಲಿ ಒಂದು ಬಂದರು, ಪ್ರತಿ ಬಂದರಿನ ಬೆನ್ನಿಗೆ ಒಂದು ಸಣ್ಣ ಪೇಟೆ, ಪ್ರತಿ ಪೇಟೆಯಿಂದ ಘಟ್ಟ ಹತ್ತುವ ಒಂದು ದಾರಿ ಎಂಬುದು ಈ ನಾಡಿನ ಹಳೆಯ ವ್ಯವಸ್ಥೆ.

ಆದುದರಿಂದ ಇಲ್ಲಿ ದಾರಿಗಳು ಎರಡು ಬಗೆಯವು. ಒಂದು, ಕಡಲ ಅಂಚಿನಲ್ಲಿ ತೆಂಕು ಬಡಗಾಗಿ ಸಾಗಿ, ಕಡವು ಬಂದಲ್ಲಿ ದೋಣಿಯೇರಿ ದಾಟುವ ದಾರಿ. ಇನ್ನೊಂದು, ನದಿಯ ಜಾಡು ಹಿಡಿದು ಮೂಡಣಕ್ಕೆ ಹೋಗಿ ಆಗುಂಬೆ, ಹೊಸಂಗಡಿ, ಕೊಲ್ಲೂರು, ಗೇರುಸೊಪ್ಪೆ, ದೇವಿಮನೆಗಳ ಮೂಲಕ ಘಟ್ಟವೇರುವ ದಾರಿ. ಮೇಲಿನಿಂದ ಮೆಣಸು ಇಳಿಯುತ್ತಿತ್ತು. ಕೆಳಗಿನಿಂದ ಉಪ್ಪು, ಒಣಮೀನು ಏರುತ್ತಿದ್ದವು. ಹೇರು ಹೊತ್ತ ಎತ್ತುಗಳ ಸಾಲು, ತಲೆಹೊರೆಯವರು, ಯಾತ್ರಿಕರು, ಸೈನಿಕರು ಎಲ್ಲರೂ ನಡೆದದ್ದು ಈ ಎರಡೇ ಬಗೆಯ ದಾರಿಗಳಲ್ಲಿ. ಮಳೆಗಾಲದ ತಿಂಗಳುಗಳಲ್ಲಿ ಕಡಲು ಮುಚ್ಚುತ್ತಿತ್ತು, ಕಡವುಗಳು ಅಪಾಯಕರವಾಗುತ್ತಿದ್ದವು, ಸಂಚಾರವು ನಿಲ್ಲುತ್ತಿತ್ತು. ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆಯಷ್ಟೆ. ಕಡಲಿಗೂ ಒಂದು ವಿಶ್ರಾಂತಿಕಾಲವಿದೆಯೆಂಬ ಹಿರಿಯರ ನಂಬಿಕೆಗೆ ಅದು ಈಗಿನ ಕಾನೂನಿನ ರೂಪವೆನ್ನಬಹುದು.

ನೆರಳಿನ ದಾರಿ, ಕುಡಿಯುವ ನೀರು

ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತನು 1342ರ ಸುಮಾರಿಗೆ ಈ ತೀರವನ್ನು ಕಂಡನು. ಗೋವೆಯ ಕಡೆಯಿಂದ ಕೊಲ್ಲಂವರೆಗಿನ ತೀರಮಾರ್ಗವನ್ನು ಕುರಿತು ಅವನು ಹೇಳಿರುವ ಮಾತು ಇಂದು ನಮ್ಮನ್ನು ನಾಚಿಸುವಂತಿದೆ. ದಾರಿಯುದ್ದಕ್ಕೂ ಮರಗಳ ನೆರಳು. ಅರ್ಧರ್ಧ ಮೈಲಿಗೆ ಒಂದರಂತೆ ಮರದ ಮನೆ. ಅದರಲ್ಲಿ ಯಾವ ಮತದ ದಾರಿಹೋಕನಾದರೂ ಕುಳಿತು ದಣಿವಾರಿಸಿಕೊಳ್ಳಲು ಜಗಲಿ. ಪಕ್ಕದಲ್ಲಿ ಕುಡಿಯುವ ನೀರಿನ ಬಾವಿ. ಬಾವಿಯನ್ನು ನೋಡಿಕೊಳ್ಳಲು ಒಬ್ಬ ಆಳು. ನಮ್ಮ ನಾಡಿನ ಅರವಟ್ಟಿಗೆಯ ಸಂಪ್ರದಾಯಕ್ಕೆ ಇದಕ್ಕಿಂತ ಹಿರಿದಾದ ಪ್ರಶಸ್ತಿ ಬೇಕಿಲ್ಲ. ಬಿಸಿಲಲ್ಲಿ ಬಂದವನಿಗೆ ನೀರು ಕೊಡುವುದು ಧರ್ಮವೆಂದು ಈ ತೀರದ ಜನ, ಅವರು ಯಾವ ದೇವರನ್ನು ಪೂಜಿಸುತ್ತಿದ್ದರೂ, ಅರಿತಿದ್ದರು.

ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಗಂಡುಮಕ್ಕಳಿಗೆ 23 ಶಾಲೆಗಳೂ ಇದ್ದುವೆಂದು ಅವನು ಬರೆದಿದ್ದಾನೆ. ಏಳು ನೂರು ವರ್ಷಗಳ ಹಿಂದೆ ಒಂದು ಸಣ್ಣ ಬಂದರುಪಟ್ಟಣದಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ಎಣಿಸಿ ಹೇಳುವಷ್ಟು ಅವು ಇದ್ದುವೆಂಬುದು ಗಮನಿಸಬೇಕಾದ ಸಂಗತಿ. ಬಾರಕೂರಿನಲ್ಲಿ ಕಬ್ಬಿನ ಸಮೃದ್ಧಿಯನ್ನೂ, ಮಂಗಳೂರಿನಲ್ಲಿ ಪರ್ಷಿಯ, ಯೆಮೆನ್ ದೇಶಗಳ ವರ್ತಕರನ್ನೂ ಅವನು ಕಂಡನು. ಆಳುಪರ ರಾಜಧಾನಿಯಾಗಿದ್ದ ಬಾರಕೂರು ಇಂದು ಸೀತಾನದಿಯ ಬಳಿಯ ಶಾಂತವಾದ ಹಳ್ಳಿ. ಅಲ್ಲಿನ ಕತ್ತಲೆ ಬಸದಿಯ ಅಂಗಳದಲ್ಲಿ ನಿಂತವನಿಗೆ, ಪಟ್ಟಣಗಳೂ ಮನುಷ್ಯರಂತೆಯೇ ಹುಟ್ಟಿ ಬೆಳೆದು ಮುಪ್ಪಾಗುತ್ತವೆಂಬುದು ಯಾರೂ ಹೇಳದೆ ತಿಳಿಯುತ್ತದೆ.

ಅಕ್ಕಿಯ ಬಂದರುಗಳು

1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಯಿಂದ ಹಿಂದಿರುಗುವಾಗ ಈ ತೀರದ ದ್ವೀಪವೊಂದರಲ್ಲಿ ಮಾತೆ ಮರಿಯಮ್ಮನವರ ಹೆಸರಿನಲ್ಲಿ ಕಲ್ಲಿನ ಕಂಬವೊಂದನ್ನು ನೆಡಿಸಿದನು. ಮಲ್ಪೆಯ ಎದುರಿಗಿರುವ ಸೈಂಟ್ ಮೇರೀಸ್ ದ್ವೀಪಗಳಿಗೆ ಆ ಹೆಸರು ಬಂದದ್ದು ಹೀಗೆಂಬುದು ಪ್ರತೀತಿ. ಆದರೆ ಆ ದ್ವೀಪಗಳ ಚರಿತ್ರೆ ಮನುಷ್ಯನ ಚರಿತ್ರೆಗಿಂತ ಬಹಳ ಹಳೆಯದು. ಅಲ್ಲಿ ಸಾಲಾಗಿ ನಿಂತಿರುವ ಕೋನಾಕಾರದ ಕಂಬದಂಥ ಬಂಡೆಗಳು, ಮಡಗಾಸ್ಕರವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಉಕ್ಕಿಬಂದ ಲಾವಾ ತಣಿದು ಸೀಳಿ ಆದವೆಂದು ಭೂವಿಜ್ಞಾನಿಗಳು ಕಂಡುಕೊಂಡಿದ್ದಾರೆ. ದೋಣಿಯಲ್ಲಿ ಹೋಗಿ ಚಿಪ್ಪು ಹೆಕ್ಕುವ ಮಕ್ಕಳಿಗೆ ಈ ಒಂದು ಮಾತನ್ನು ಹೇಳಿದರೆ, ಸೃಷ್ಟಿಯ ಹಿರಿಮೆಯನ್ನು ಕುರಿತು ಬೇರೆ ಪ್ರವಚನ ಬೇಕಾಗಲಿಕ್ಕಿಲ್ಲ.

ಪೋರ್ಚುಗೀಸರನ್ನು ಇಲ್ಲಿಗೆ ಸೆಳೆದವುಗಳಲ್ಲಿ ಮೆಣಸಿನಷ್ಟೇ ಮುಖ್ಯವಾದದ್ದು ಅಕ್ಕಿ. ಹದಿನಾರನೆಯ ಶತಮಾನದ ಆರಂಭದಲ್ಲಿ ಬರೆದ ದುವಾರ್ತೆ ಬಾರ್ಬೊಸನು ಬಾರಕೂರು, ಬಸರೂರುಗಳಿಂದ ಹಡಗುಗಟ್ಟಲೆ ಅಕ್ಕಿ ಹೊರಹೋಗುತ್ತಿದ್ದುದನ್ನು ತಿಳಿಸಿದ್ದಾನೆ. 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಪೋರ್ಚುಗೀಸರ ಕೋಟೆಗಳು ಎದ್ದವು. ಮಂಗಳೂರಿನ ರೊಜಾರಿಯೊ ಇಗರ್ಜಿಯೂ ಕುಂದಾಪುರದ ಜಪಮಾಲೆ ಮಾತೆಯ ಇಗರ್ಜಿಯೂ ಆ ಕಾಲಕ್ಕೆ ಸೇರಿದವು. ಕೋಟೆಗಳು ಉಳಿಯಲಿಲ್ಲ, ಪ್ರಾರ್ಥನೆ ಉಳಿಯಿತು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಕಡಲ ಮಾರ್ಗವಾಗಿ ಬಂದು ಬಸರೂರಿನ ಮೇಲೆ ದಾಳಿ ಮಾಡಿ, ಹಿಂದಿರುಗುವಾಗ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿದರೆಂಬುದು ಇತಿಹಾಸ. ಅಷ್ಟು ಸಂಪತ್ತು ಇದ್ದ ಬಸರೂರಿನಲ್ಲಿ ಇಂದು ದೇವಾಲಯಗಳೂ ಕೆರೆಗಳೂ ಶಾಸನಗಳೂ ಇವೆ, ಹಡಗುಗಳಿಲ್ಲ.

ಇಟಲಿಯ ಯಾತ್ರಿಕನೊಬ್ಬನ ಕಣ್ಣಿನಲ್ಲಿ

ಕರಾವಳಿಯ ಸಣ್ಣ ಪಟ್ಟಣಗಳನ್ನೂ ಕಾಲುದಾರಿಗಳನ್ನೂ ಬರಿಯ ನೋಡುವ ಸಂತೋಷಕ್ಕಾಗಿಯೇ ನೋಡಿದವರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲೆಯನ್ನು ಮೊದಲು ಹೆಸರಿಸಬೇಕು. ಅವನು ವರ್ತಕನಲ್ಲ, ಸೈನಿಕನಲ್ಲ, ಧರ್ಮಪ್ರಚಾರಕನೂ ಅಲ್ಲ. ಪರ್ಷಿಯದಲ್ಲಿ ತೀರಿಕೊಂಡ ಪತ್ನಿಯ ಪಾರ್ಥಿವ ಶರೀರವನ್ನು ರೋಮಿಗೆ ಒಯ್ದು ತನ್ನ ಮನೆತನದ ಸಮಾಧಿಯಲ್ಲಿ ಇಡುವ ಸಂಕಲ್ಪ ಹೊತ್ತಿದ್ದ ಶೋಕತಪ್ತ ಗೃಹಸ್ಥ. 1623ರಲ್ಲಿ ಗೋವೆಯಿಂದ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಅವನು ಹೊನ್ನಾವರಕ್ಕೆ ಬಂದಿಳಿದನು.

ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋದ ಅವನು, ತಾನು ಕಂಡ ಅತ್ಯಂತ ರಮಣೀಯ ನದಿಗಳಲ್ಲಿ ಇದೊಂದೆಂದು ಮೆಚ್ಚಿದನು. ಗೇರುಸೊಪ್ಪೆ ಆ ವೇಳೆಗಾಗಲೇ ಪಾಳುಬಿದ್ದಿತ್ತು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದ ಚೆನ್ನಭೈರಾದೇವಿಯ ಅರಮನೆಯಿದ್ದ ನೆಲದಲ್ಲಿ ಮರಗಿಡಗಳು ಬೆಳೆದುದನ್ನು ಅವನು ಕಂಡನು. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಅಲ್ಲಿನ ಚತುರ್ಮುಖ ಬಸದಿ ಇಂದಿಗೂ ಕಾಡಿನ ನಡುವೆ ನಿಂತಿದೆ. ಜೋಗದ ಜಲಪಾತಕ್ಕೆ ಧಾವಿಸುವ ಸಾವಿರಾರು ಪ್ರವಾಸಿಗರಲ್ಲಿ ಅತ್ತ ತಿರುಗುವವರು ಕೆಲವರೇ.

ಅಲ್ಲಿಂದ ಘಟ್ಟ ಹತ್ತಿದಾಗ ಅವನು ಕಂಡ ನೋಟವೊಂದು ಶಿಕ್ಷಣದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ದೇವಾಲಯವೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನಯವಾದ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹಾಡಿಕೊಂಡು ಲೆಕ್ಕ ಕಲಿಯುತ್ತಿದ್ದರು. ಉಪಾಧ್ಯಾಯರಿರಲಿಲ್ಲ. ತಿಳಿಯದಿದ್ದರೆ ಯಾರು ತಿದ್ದುತ್ತಾರೆಂದು ಕೇಳಿದ್ದಕ್ಕೆ, ನಾವು ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತೇವೆಂದು ಆ ಹುಡುಗರು ಉತ್ತರಿಸಿದರು. ಕಾಗದವಾಗಲಿ ಖರ್ಚಾಗಲಿ ಇಲ್ಲದ ಈ ವಿದ್ಯೆಯನ್ನು ಕಂಡು ಅವನು ಬೆರಗಾದನು. ಅವಸರದಿಂದ ಹೋಗುತ್ತಿದ್ದವನಾಗಿದ್ದರೆ ಈ ದೃಶ್ಯ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ, ನಮಗೂ ದೊರೆಯುತ್ತಿರಲಿಲ್ಲ. ಹೊರೆಯಾಳುಗಳು ಸಾಮಾನು ಕಟ್ಟುವವರೆಗೆ ಕಾದು ಕುಳಿತ ಬಿಡುವಿನಲ್ಲಿ ಅವನು ಕಂಡದ್ದು ಇದು.

ಬಳಿಕ ತೆಂಕಣಕ್ಕೆ ಬಂದು ಮಂಗಳೂರು, ಕದ್ರಿ, ಉಳ್ಳಾಲಗಳನ್ನು ಅವನು ನೋಡಿದನು. ಅಬ್ಬಕ್ಕನ ಮನೆತನದ ಉಳ್ಳಾಲದ ರಾಣಿಯನ್ನು ಅವನು ಸಂಧಿಸಿದ್ದು ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಕಾಲುವೆ ತೋಡುವ ಕೆಲಸವನ್ನು ನೋಡಲು ಆಕೆ ಬರಿಗಾಲಿನಲ್ಲಿ, ಸಾದಾ ಬಿಳಿಯ ಅರಿವೆಯುಟ್ಟು, ಓಲೆಗರಿಯ ಕೊಡೆಯ ನೆರಳಿನಲ್ಲಿ ನಡೆದುಬರುತ್ತಿದ್ದಳು. ಉಡಿಗೆಯಲ್ಲಿ ಕಾಣದ ರಾಣಿತನ ಮಾತಿನಲ್ಲಿ ಕಂಡಿತೆಂಬ ಅರ್ಥದಲ್ಲಿ ಅವನು ಬರೆದಿದ್ದಾನೆ. ಪ್ರಜೆಗಳ ಗದ್ದೆಗೆ ನೀರು ಹೋಗುತ್ತದೆಯೋ ಇಲ್ಲವೋ ಎಂದು ಬಿಸಿಲಲ್ಲಿ ನಡೆದು ನೋಡುವ ಅರಸಿಗೆ ಕಿರೀಟದ ಅಗತ್ಯವೇನು?

ಬರಿಗಾಲಿನ ಗುರು

ಇದೇ ದಾರಿಗಳನ್ನು ಅರುವತ್ತು ವರ್ಷಗಳ ಬಳಿಕ ಇನ್ನೊಂದು ಉದ್ದೇಶಕ್ಕಾಗಿ ತುಳಿದವರು ಗೋವೆಯ ಬೆನೌಲಿಮ್‌ನ ಸಂತ ಜೋಸೆಫ್ ವಾಜರು. 1651ರಲ್ಲಿ ಜನಿಸಿದ ಅವರು 1681ರಲ್ಲಿ ಕೆನರಾ ಮಿಷನ್ನಿನ ಮೇಲಧಿಕಾರಿಯಾಗಿ ಇಲ್ಲಿಗೆ ಬಂದು 1684ರವರೆಗೆ ಸೇವೆ ಸಲ್ಲಿಸಿದರು. ಆಗ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಪೋರ್ಚುಗೀಸರ ಪಾದ್ರುವಾದೊ ಅಧಿಕಾರಕ್ಕೂ ರೋಮಿನ ಪ್ರೊಪಗಾಂಡಾ ಮಂಡಲಿಗೂ ನಡುವಣ ಜಗಳದಿಂದ ಇಲ್ಲಿನ ಕ್ರೈಸ್ತರು ಎರಡು ಪಂಗಡಗಳಾಗಿದ್ದರು, ಇಗರ್ಜಿಗಳು ಶಿಥಿಲವಾಗಿದ್ದವು, ಎಷ್ಟೋ ಹಳ್ಳಿಗಳಲ್ಲಿ ಗುರುಗಳೇ ಇರಲಿಲ್ಲ.

ಅವರು ಮೇನೆ ಪಲ್ಲಕ್ಕಿಗಳನ್ನು ಬಯಸಲಿಲ್ಲ. ಮಂಗಳೂರು, ಕಲ್ಯಾಣಪುರ, ಕುಂದಾಪುರ, ಗಂಗೊಳ್ಳಿಗಳ ನಡುವೆ ಕಾಲ್ನಡಿಗೆಯಲ್ಲಿ ಸಂಚರಿಸಿ, ಇಗರ್ಜಿಗಳನ್ನು ಸರಿಪಡಿಸಿ, ಸಣ್ಣ ಶಾಲೆಗಳನ್ನು ತೆರೆದು, ಒಡೆದ ಮನಸ್ಸುಗಳನ್ನು ಜೋಡಿಸಲು ಶ್ರಮಿಸಿದರು. 1678ರಲ್ಲಿ ಕೆಳದಿಯವರೊಡನೆ ಆದ ಒಪ್ಪಂದದ ಫಲವಾಗಿ ತಲೆಯೆತ್ತಿದ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯು 2012ರಲ್ಲಿ ಸ್ಥಾಪಿತವಾದ ಉಡುಪಿ ಧರ್ಮಪ್ರಾಂತ್ಯದ ಪ್ರಧಾನಾಲಯವಾಗಿದೆ. ಮುಡಿಪುವಿನ ಗುಡ್ಡ ಸಂತರ ನೆನಪಿನ ಯಾತ್ರಾಸ್ಥಳವಾಗಿದೆ. ಮುಂದೆ 1686ರಲ್ಲಿ ಅವರು ಗೋವೆಯಿಂದ ಸಿಂಹಳಕ್ಕೆ ಹೊರಟಾಗಲೂ ಇದೇ ಕೆನರಾ ತೀರವನ್ನು ಹಾದುಹೋದರು. ಅಲ್ಲಿ ಡಚ್ಚರ ಕಿರುಕುಳದಡಿ ಗುರುಗಳಿಲ್ಲದೆ ಬಳಲುತ್ತಿದ್ದ ವಿಶ್ವಾಸಿಗಳ ಸೇವೆಯಲ್ಲಿ ಸವೆದು 1711ರಲ್ಲಿ ಕ್ಯಾಂಡಿಯಲ್ಲಿ ದೈವಾಧೀನರಾದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ನಮ್ಮ ಕಡವುಗಳನ್ನು ದಾಟಿದ, ನಮ್ಮ ಗದ್ದೆಯ ಹುಣಿಯ ಮೇಲೆ ನಡೆದ ಒಬ್ಬರು ಇಂದು ಬಲಿಪೀಠದ ಗೌರವವನ್ನು ಪಡೆದಿದ್ದಾರೆಂಬುದನ್ನು ಗಂಗೊಳ್ಳಿಯ ಅಳಿವೆಯ ಮುಂದೆ ನಿಂತಾಗ ನೆನೆಯುವುದು ನಮ್ಮ ಕರ್ತವ್ಯ.

ಸೆರೆಯ ದಾರಿ

ಎಲ್ಲ ಪಯಣಗಳೂ ಸಂತೋಷದವಲ್ಲ. 1784ರಲ್ಲಿ, ತಪಸ್ಸುಕಾಲದ ಹೊಸ್ತಿಲಲ್ಲಿ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ದಾರಿಗಳಲ್ಲಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಇಗರ್ಜಿಗಳು ನೆಲಸಮವಾದವು. ವೃದ್ಧರು, ಬಸುರಿಯರು, ಹಸುಳೆಗಳು ದಾರಿಯಲ್ಲಿಯೇ ಅಸುನೀಗಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಉಳಿದವರು ಅದೇ ಘಟ್ಟವನ್ನಿಳಿದು ಬಂದು, ಪಾಳುಬಿದ್ದ ಹಿತ್ತಿಲುಗಳಲ್ಲಿ ಮತ್ತೆ ಒಲೆ ಹಚ್ಚಿದರು. ಯಾರ ಮೇಲಿನ ದ್ವೇಷಕ್ಕಾಗಿಯೂ ಇದನ್ನು ಇಲ್ಲಿ ಬರೆಯುತ್ತಿಲ್ಲ. ಆ ಕಷ್ಟದ ದಿನಗಳಲ್ಲಿ ಅಕ್ಕಪಕ್ಕದ ಹಿಂದೂ ಮನೆಗಳವರು ಆಶ್ರಯವಿತ್ತು ಉಳಿಸಿದ ಕುಟುಂಬಗಳ ನೆನಪು ನಮ್ಮಲ್ಲಿ ಇನ್ನೂ ಇದೆ. ಆದರೆ ಘಟ್ಟದ ತಿರುವುಗಳಲ್ಲಿ ಮಂಜು ನೋಡಲು ವಾಹನ ನಿಲ್ಲಿಸುವಾಗ, ಇದು ನಮ್ಮ ಅಜ್ಜಅಜ್ಜಿಯಂದಿರ ಅಜ್ಜಅಜ್ಜಿಯಂದಿರು ಹದಿನೈದು ವರ್ಷಗಳ ಅಂತರದಲ್ಲಿ ಅಳುತ್ತ ಹತ್ತಿ, ಅಳುತ್ತಲೇ ಇಳಿದ ಬೆಟ್ಟಸಾಲು ಎಂಬುದನ್ನು ಮರೆಯಲಾಗದು.

ಆ ಬಿರುಗಾಳಿ ನಿಂತ ಎರಡೇ ವರ್ಷಗಳಲ್ಲಿ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮಂಗಳೂರಿನಿಂದ ಬಡಗಣಕ್ಕೆ ಸಂಚರಿಸಿದನು. ಮಣ್ಣು, ಬೆಳೆ, ಜಾತಿ, ತೆರಿಗೆ, ಮೀನು, ಉಪ್ಪು ಎಲ್ಲವನ್ನೂ ಬರೆದಿಟ್ಟ ಅವನ ಗ್ರಂಥ 1807ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದಿತು. ಯುದ್ಧಗಳಿಂದ ಹಾಳಾದ ಹೊನ್ನಾವರವನ್ನು ಅವನು ಕಂಡನು. ಒಂದು ಕಾಲಕ್ಕೆ 36 ಶಾಲೆಗಳಿದ್ದ ಪಟ್ಟಣವದು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿ, ದಕ್ಷಿಣ ಕೆನರಾ ಮದರಾಸಿನಲ್ಲಿಯೇ ಉಳಿದು, ಒಂದೇ ತೀರದ ಜನ ಎರಡು ಸರಕಾರಗಳ ಕೈಕೆಳಗಾದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಾತ್ರ ಅವರು ಮತ್ತೆ ಒಂದಾದರು.

ಕಾರವಾರದ ಬೆಳದಿಂಗಳು

ಕಡಲತೀರಕ್ಕೆ ವಿರಾಮಕ್ಕಾಗಿ ಹೋಗುವುದೆಂಬ ಅರ್ಥದಲ್ಲಿ ಈ ತೀರದ ಅತ್ಯಂತ ಪ್ರಸಿದ್ಧ ಅತಿಥಿ ರವೀಂದ್ರನಾಥ ಠಾಕೂರರು. 1883ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು ಬಂದರು. ಒಂದು ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿನದಿಯ ಮೇಲಕ್ಕೆ ಹೋಗಿ, ಹಳೆಯ ಗಿರಿದುರ್ಗದ ಬುಡದಲ್ಲಿ ಇಳಿದು, ಹಿಂದಿರುಗುವಾಗ ಅಳಿವೆಯ ವಿಶಾಲ ಮರಳಿನ ಮೇಲೆ ಬೆಳದಿಂಗಳಲ್ಲಿ ನಡೆದು ಮನೆ ಸೇರಿದ ನೆನಪನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ದಾಖಲಿಸಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಅವರು ಬರೆದದ್ದು ಕಾರವಾರದಲ್ಲಿಯೇ. ಸಂಸಾರವನ್ನು ತೊರೆದ ಸಂನ್ಯಾಸಿಯೊಬ್ಬನನ್ನು ಒಂದು ಅನಾಥ ಬಾಲಿಕೆಯ ಪ್ರೀತಿ ಮತ್ತೆ ಮನುಷ್ಯರ ನಡುವೆ ಕರೆತರುವ ಕತೆ ಅದರ ವಸ್ತು. ಒಂದು ರಜೆಯಿಂದ, ಒಂದು ನಡಿಗೆಯಿಂದ ಏನು ಹುಟ್ಟಬಹುದೆಂಬುದಕ್ಕೆ ಇದು ನಿದರ್ಶನ. ಇಂದು ಆ ತೀರಕ್ಕೆ ಅವರ ಹೆಸರನ್ನೇ ಇಡಲಾಗಿದೆ.

ಸೇತುವೆ, ರೈಲು, ಹೆದ್ದಾರಿ

ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಮಂಗಳೂರಿನಿಂದ ಕಾರವಾರಕ್ಕೆ ಹೋಗಬೇಕಾದವನು ಕಡವಿನಿಂದ ಕಡವಿಗೆ ಬಸ್ಸು ಬದಲಿಸಿ, ದೋಣಿಗಾಗಿ ಕಾದು, ದಾರಿಯಲ್ಲಿ ರಾತ್ರಿ ತಂಗಿ ಹೋಗುತ್ತಿದ್ದನು. ಕಾಯುವ ಜನರಿಂದ ಕಡವಿನ ಬಳಿಯ ಅಂಗಡಿ, ಹೋಟೆಲು, ಛತ್ರಗಳು ಬದುಕುತ್ತಿದ್ದವು. ಭಾನುವಾರದ ಪೂಜೆಗೆ ಹೊರಟ ಎಷ್ಟೋ ಕುಟುಂಬಗಳು ಪರವೂರ ಇಗರ್ಜಿಗೆ ಕತ್ತಲಿರುವಾಗಲೇ ಸೂಟೆ ಹಿಡಿದು ನಡೆದು, ದೋಣಿ ದಾಟಿ ಹೋಗುತ್ತಿದ್ದವು. ಸೇತುವೆಗಳು ಬಂದವು. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ರೈಲ್ವೆ ಸೇತುವೆಯಾಯಿತು. ಹೆದ್ದಾರಿ ಚತುಷ್ಪಥವಾಯಿತು. ರೋಗಿಯನ್ನು ಆಸ್ಪತ್ರೆಗೆ ಒಯ್ಯುವವನಿಗೆ, ದೂರದ ಕಾಲೇಜಿಗೆ ಹೋಗುವ ಹುಡುಗಿಗೆ ಇದರಿಂದಾದ ಉಪಕಾರ ಅಷ್ಟಿಷ್ಟಲ್ಲ.

ಆದರೆ ಹಳೆಯ ದಾರಿ ಗುಡ್ಡವನ್ನು ಸುತ್ತಿ ಹೋಗುತ್ತಿತ್ತು. ಹೊಸ ದಾರಿ ಗುಡ್ಡವನ್ನು ಕಡಿದು ಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಸುರಿವ ಮಳೆಗೆ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಾಗ, ದಾರಿ ಬದಿಯ ಚಹದಂಗಡಿಯ ಕುಟುಂಬವೂ ಲಾರಿ ಚಾಲಕರೂ ಗಂಗಾವಳಿಯ ಪಾಲಾದರು. ಮೂರೇ ವಾರಗಳ ಬಳಿಕ ಆಗಸ್ಟ್ 7ರಂದು ಕಾರವಾರದ ಕಾಳಿನದಿಯ ಹಳೆಯ ಹೆದ್ದಾರಿ ಸೇತುವೆ ಕುಸಿಯಿತು. ಇತ್ತ ಉಳ್ಳಾಲದಲ್ಲಿ ಪ್ರತಿ ಮಳೆಗಾಲವೂ ಕಡಲು ಮನೆಗಳನ್ನೂ ತೆಂಗುಗಳನ್ನೂ ಕೊಚ್ಚಿಕೊಂಡು ಹೋಗಿರುವುದನ್ನು ನಾವು ಬಲ್ಲೆವು. ಒಂದೆಡೆ ಕಲ್ಲಿನ ತಡೆಗೋಡೆ ಕಟ್ಟಿದರೆ ಅಲೆಗಳ ಹೊಡೆತ ಪಕ್ಕದ ಊರಿಗೆ ಸರಿಯುತ್ತದೆಂಬುದು ತೀರವಾಸಿಗಳ ಅನುಭವ. ನೆಲದ ಸ್ವಭಾವವನ್ನು ಕೇಳದೆ ದಾರಿ ಮಾಡುವುದಕ್ಕೂ, ಮನೆ ಕಟ್ಟುವುದಕ್ಕೂ, ಮರಳು ತೆಗೆಯುವುದಕ್ಕೂ ಬೆಲೆ ತೆರುವವರು ಯಾವಾಗಲೂ ಬಡವರೇ.

ಇಂದಿಗೂ ಉಳಿದಿರುವ ಕಾಲುದಾರಿಗಳು

ಹಳೆಯ ನಡಿಗೆಯ ರುಚಿಯನ್ನು ಕಾಣಬಯಸುವವರಿಗೆ ಕುಮಟಾದಿಂದ ಗೋಕರ್ಣಕ್ಕೆ ಹೋಗುವ ತೀರದ ದಾರಿ ಇನ್ನೂ ಇದೆ. ಬಾಡ, ಕಡ್ಲೆಗಳ ತೀರ, ಜಂಬಿಟ್ಟಿಗೆ ಕಲ್ಲಿನ ಗುಡ್ಡ, ಹುಲ್ಲುಗಾವಲು, ಮೀನುಗಾರರ ಕೇರಿಗಳನ್ನು ದಾಟಿ ಅಘನಾಶಿನಿ ಊರಿಗೆ ಬಂದು, ದೋಣಿಯಲ್ಲಿ ತದಡಿಗೆ ಸಾಗಿ, ಬೇಲೆಕಾನಿನ ಮೇಲಿಂದ ಓಂ ತೀರ, ಕುಡ್ಲೆ ತೀರಗಳ ಮೂಲಕ ಗೋಕರ್ಣವನ್ನು ಸೇರಬಹುದು. ಚಳಿಗಾಲದ ತಿಂಗಳುಗಳೇ ಇದಕ್ಕೆ ಸೂಕ್ತ. ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ; ಆದುದರಿಂದಲೇ ಅದರ ಅಳಿವೆ ಇಷ್ಟು ಸಮೃದ್ಧವಾಗಿದೆ. ಉಬ್ಬರದ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಗಜನಿ ಗದ್ದೆಗಳಲ್ಲಿ ಬೆಳೆಯುವ ರೈತರು, ಇಳಿತದ ಹೊತ್ತಿನಲ್ಲಿ ಕೆಸರಿನಿಂದ ಬೆಳಚು ಹೆಕ್ಕುವ ಹೆಂಗಸರು, ಸಾಣಿಕಟ್ಟಾದ ಉಪ್ಪಿನಾಗರಗಳ ಕಾರ್ಮಿಕರು ಈ ನೀರನ್ನೇ ನಂಬಿದ್ದಾರೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶಕ್ಕೆ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ.

ಅಲ್ಲಿಂದ ಬಡಗಣ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ನಮ್ಮ ನಾಡಿನ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದೇ ತಾಲೂಕಿನ ಹಾಲಕ್ಕಿ ಒಕ್ಕಲಿಗರಲ್ಲಿ ಜನಿಸಿ, ಸಾವಿರಾರು ಸಸಿಗಳನ್ನು ಬೆಳೆಸಿದ ತುಳಸಿ ಗೌಡರೂ, ಹಾಡುಗಳ ಕಣಜವೇ ಆಗಿದ್ದ ಸುಕ್ರಿ ಬೊಮ್ಮ ಗೌಡರೂ ಪದ್ಮಶ್ರೀ ಗೌರವ ಪಡೆದು, 2024ರ ಡಿಸೆಂಬರಿನಲ್ಲೂ 2025ರ ಫೆಬ್ರವರಿಯಲ್ಲೂ ಕ್ರಮವಾಗಿ ನಮ್ಮನ್ನಗಲಿದರು. ಹೊನ್ನಾವರದ ಬಳಿಯ ಗುಣವಂತೆಯಲ್ಲಿ 1934ರಲ್ಲಿ ಹುಟ್ಟಿದ ಕೆರೆಮನೆ ಯಕ್ಷಗಾನ ಮೇಳದ ನೆಲೆಯಿದೆ. ತೆಂಕಣದಲ್ಲಿ ಕಾಪುವಿನ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಅದರ ಒಳನಾಡಿನ ಶಂಕರಪುರದಲ್ಲಿ ಹಿಂದೂ, ಕ್ರೈಸ್ತ ಮನೆಗಳ ಅಂಗಳಗಳಲ್ಲಿ ಬೆಳೆದ ಮಲ್ಲಿಗೆ ಒಂದೇ ಬುಟ್ಟಿಯಲ್ಲಿ ಪೇಟೆಗೆ ಹೋಗುತ್ತದೆ. ಕಾರ್ಕಳಕ್ಕೆ ಹೋದರೆ 1432ರ ಗೊಮ್ಮಟನ ಮೂರ್ತಿಯನ್ನೂ, 1759ರ ಮೂಲವುಳ್ಳ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕವನ್ನೂ ಒಂದೇ ದಿನದಲ್ಲಿ ನೋಡಬಹುದು. ಎರಡೂ ಕಡೆ ಎಲ್ಲ ಮತದವರೂ ಬರುತ್ತಾರೆ. ಯಾರನ್ನೂ ಯಾರೂ ಪ್ರಶ್ನಿಸುವುದಿಲ್ಲ.

ಕೊನೆಯ ಮಾತು

ಈ ಚರಿತ್ರೆಯನ್ನೆಲ್ಲ ಹೇಳಿದ್ದು ಹಳೆಯ ಕಾಲವೇ ಚೆನ್ನಾಗಿತ್ತೆಂದು ವಾದಿಸಲು ಅಲ್ಲ. ಹಳೆಯ ಕಾಲದಲ್ಲಿ ಹಸಿವಿತ್ತು, ಸೆರೆಯಿತ್ತು, ದೋಣಿ ಮಗುಚಿ ಸತ್ತವರಿದ್ದರು. ಆದರೆ ಅಂದು ದಾರಿಹೋಕನಿಗೂ ಊರಿಗೂ ಒಂದು ಸಂಬಂಧವಿತ್ತು. ಅವನು ಊರಿನ ನೀರು ಕುಡಿಯುತ್ತಿದ್ದನು, ಊರಿನವರು ಅವನ ಹೆಸರು ಕೇಳುತ್ತಿದ್ದರು. ಈಗಿನ ಪ್ರವಾಸಿಗೆ ಊರು ಬೇಕಿಲ್ಲ, ತೀರ ಮಾತ್ರ ಸಾಕು. ಅವನು ಬಿಟ್ಟುಹೋಗುವ ಬಾಟಲಿ, ಪೊಟ್ಟಣಗಳನ್ನು ಮರುದಿನ ಹೆಕ್ಕುವವರು ಬಲೆಯೆಳೆಯುವ ಮನೆಯ ಮಕ್ಕಳು. ಪಡುಬಿದ್ರಿ, ಕಾಸರಕೋಡು ತೀರಗಳು 2020ರಲ್ಲಿ ಸ್ವಚ್ಛತೆಗಾಗಿ ನೀಲಿ ಬಾವುಟದ ಮನ್ನಣೆ ಪಡೆದುವೆಂದು ಹೆಮ್ಮೆಪಡುತ್ತೇವೆ. ಉಳಿದ ತೀರಗಳಿಗೆ ಬಾವುಟವಿಲ್ಲದಿದ್ದರೂ ಅವೂ ಯಾರದೋ ಅಂಗಳಗಳೇ ಅಲ್ಲವೇ?

ಆದುದರಿಂದ ನಮ್ಮ ವಿಚಾರಣೆಯ ಬಾಂಧವರಲ್ಲಿ, ಅದರಲ್ಲಿಯೂ ಶತಮಾನೋತ್ಸವಕ್ಕೆಂದು ದೂರದೂರುಗಳಿಂದ ಬಂದಿರುವವರಲ್ಲಿ ನನ್ನ ಬಿನ್ನಹವಿಷ್ಟು. ಮಕ್ಕಳನ್ನು ಕಡಲಿಗೆ ಕರೆದೊಯ್ಯಿರಿ. ಆದರೆ ಕಡಲಿಗೆ ಹೋಗುವ ಮುನ್ನ ಆ ಊರಿನ ಪೇಟೆಯಲ್ಲಿ ಒಂದು ಗಳಿಗೆ ನಡೆಯಿರಿ. ಹಳೆಯ ಇಗರ್ಜಿಯನ್ನೂ ಬಸದಿಯನ್ನೂ ದೇವಾಲಯವನ್ನೂ ಮಸೀದಿಯನ್ನೂ ತೋರಿಸಿ, ಇವು ಒಂದೇ ಬಂದರಿನ ಸುತ್ತ ಹೇಗೆ ಬೆಳೆದವೆಂದು ಹೇಳಿರಿ. ದೋಣಿಯವನಿಗೆ ಹಣವನ್ನು ಮಾತ್ರವಲ್ಲ, ಎರಡು ಒಳ್ಳೆಯ ಮಾತನ್ನೂ ಕೊಡಿರಿ. ಮನೆಯಲ್ಲಿ ತೊಂಬತ್ತರ ಪ್ರಾಯದ ಹಿರಿಯರಿದ್ದರೆ ಅವರು ಯಾವ ಕಡವು ದಾಟಿ, ಯಾವ ಹುಣಿಯ ಮೇಲೆ ನಡೆದು ಪೂಜೆಗೆ ಹೋಗುತ್ತಿದ್ದರೆಂದು ಕೇಳಿ ಬರೆದಿಡಿರಿ. ಆ ದಾರಿಗಳಲ್ಲಿ ಹಲವು ಈಗಾಗಲೇ ಮನೆಕಟ್ಟುಗಳ ಆವರಣ ಗೋಡೆಗಳೊಳಗೆ ಸೇರಿಹೋಗಿವೆ. ಬಲ್ಲವರು ಇಲ್ಲವಾದ ಬಳಿಕ ಅವುಗಳ ಹೆಸರೂ ಉಳಿಯಲಾರದು. ಮುಂದಿನ ನೂರು ವರ್ಷಗಳಿಗೆ ನಾವು ಬಿಟ್ಟುಹೋಗಬಹುದಾದ ಕಾಣಿಕೆಗಳಲ್ಲಿ ಅಂಥ ಒಂದು ನೋಟುಬುಕ್ಕು, ದಾರಿ ಬದಿಯಲ್ಲಿ ನೆಟ್ಟ ನಾಲ್ಕು ಮರಗಳು, ಬಾಯಾರಿ ಬಂದವನಿಗಾಗಿ ಇಗರ್ಜಿಯ ಬಾಗಿಲಲ್ಲಿಟ್ಟ ಒಂದು ಹಂಡೆ ನೀರು ಸಣ್ಣವಲ್ಲ. ಎಲ್ಲ ದಾರಿಹೋಕರನ್ನೂ ದೇವರು ಕಾಯಲಿ.